ಇಲಾಖಾ ವಿಚಾರಣೆಯ ವಿಚಾರಣಾಧಿಕಾರಿ

ಸರ್ಕಾರಿ ನೌಕರರ ಮೇಲೆ ಲಂಚ, ದುರ್ನಡತೆ ಅಥವಾ ಕರ್ತವ್ಯಲೋಪದ ಆರೋಪ ಬಂದಾಗ ಇಲಾಖಾ ವಿಚಾರಣೆ ನಡೆಯುತ್ತದೆ. ಅದರ ಪೀಠದಲ್ಲಿ ಕುಳಿತು ಎರಡೂ ಕಡೆಯ ಸಾಕ್ಷ್ಯ ದಾಖಲಿಸಿ, ಆರೋಪ ರುಜುವಾತಾಗಿದೆಯೇ ಇಲ್ಲವೇ ಎಂದು ವರದಿ ಬರೆಯುವವರು ವಿಚಾರಣಾಧಿಕಾರಿ. ಕಚೇರಿಗಳ ಮಾತಿನಲ್ಲಿ ಈ ವಿಚಾರಣೆಗೆ 'ಡಿ.ಇ.' ಎಂದೇ ಹೆಸರು. 'ಅವರ ಮೇಲೆ ಡಿ.ಇ. ಇದೆ' ಎಂದರೆ ಬಡ್ತಿ ನಿಂತಿದೆ, ನಿವೃತ್ತಿ ಹತ್ತಿರವಿದ್ದರೆ ಗ್ರಾಚ್ಯುಟಿಯೂ ನಿಲ್ಲುತ್ತದೆ ಎಂದು ಕೇಳಿದವರಿಗೆ ಅರ್ಥವಾಗುತ್ತದೆ. ವಿಚಾರಣಾಧಿಕಾರಿ ನ್ಯಾಯಾಧೀಶರಲ್ಲ, ಅವರ ಮುಂದಿರುವ ಮೇಜು ನ್ಯಾಯಾಲಯವೂ ಅಲ್ಲ. ಶಿಕ್ಷೆ ಕೊಡುವ ಅಧಿಕಾರವೂ ಅವರಿಗಿಲ್ಲ. ಹೀಗಿದ್ದರೂ ಒಬ್ಬ ನೌಕರನ ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ ಎಂಬುದು ಬಹುಮಟ್ಟಿಗೆ ಅವರು ಬರೆಯುವ ವರದಿಯ ಮೇಲೆಯೇ ನಿಂತಿರುತ್ತದೆ.

ಈ ವ್ಯವಸ್ಥೆ ಕಂಪನಿ ಸರ್ಕಾರದ ಕಾಲದಿಂದ ಬಂದದ್ದು. 1850ರ ಪಬ್ಲಿಕ್ ಸರ್ವೆಂಟ್ಸ್ (ಇನ್‌ಕ್ವೈರೀಸ್) ಕಾಯಿದೆ ಅಧಿಕಾರಿಗಳ ಮೇಲಿನ ಆರೋಪವನ್ನು ಕಮಿಷನರರ ಮುಂದೆ ಬಹಿರಂಗವಾಗಿ ವಿಚಾರಿಸುವ ಕ್ರಮವನ್ನು ತಂದಿತು. ಇಂದಿನ ಸೇವಾ ನಿಯಮಗಳಲ್ಲಿಯೂ ಅದರ ಹೆಸರು ಉಳಿದಿದೆ. ಸ್ವಾತಂತ್ರ್ಯಾನಂತರ ಬುನಾದಿಯಾದದ್ದು ಸಂವಿಧಾನದ 311ನೇ ಅನುಚ್ಛೇದ. ಆರೋಪಗಳನ್ನು ತಿಳಿಸಿ, ತನ್ನ ಮಾತನ್ನು ಹೇಳಿಕೊಳ್ಳಲು ಯುಕ್ತ ಅವಕಾಶ ಕೊಟ್ಟು ವಿಚಾರಣೆ ನಡೆಸದ ಹೊರತು ನಾಗರಿಕ ಸೇವೆಯ ನೌಕರನನ್ನು ವಜಾ ಮಾಡುವಂತಿಲ್ಲ, ಸೇವೆಯಿಂದ ತೆಗೆಯುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಇದಕ್ಕೆ ಮೂರು ಅಪವಾದಗಳಿವೆ: ನೌಕರನಿಗೆ ಕ್ರಿಮಿನಲ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದರೆ, ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲದಿದ್ದರೆ, ರಾಜ್ಯದ ಭದ್ರತೆಯ ಪ್ರಶ್ನೆಯಿದ್ದರೆ. 1985ರ ತುಳಸಿರಾಮ್ ಪಟೇಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಅಪವಾದಗಳನ್ನು ಎತ್ತಿಹಿಡಿಯಿತು. ಮಿಕ್ಕ ಎಲ್ಲ ಸಂದರ್ಭದಲ್ಲಿ ವಿಚಾರಣೆ ನಡೆಯಲೇಬೇಕು, ಅದನ್ನು ನಡೆಸಲು ಒಬ್ಬರು ಬೇಕು.

ಕರ್ನಾಟಕದಲ್ಲಿ ಇದರ ಕೈಪಿಡಿ ಎಂದರೆ 1957ರ ಸಿವಿಲ್ ಸೇವೆಗಳ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು. ಕಚೇರಿಯವರಿಗೆ ಅದು 'ಸಿಸಿಎ ರೂಲ್ಸ್'. ಅದರ 8ನೇ ನಿಯಮ ದಂಡನೆಗಳನ್ನು ಹೇಳಿದರೆ 11ನೇ ನಿಯಮ ದೊಡ್ಡ ದಂಡನೆಗೆ ಮುನ್ನ ನಡೆಯಬೇಕಾದ ವಿಚಾರಣೆಯ ವಿಧಾನವನ್ನು ಹೇಳುತ್ತದೆ. ಕೇಂದ್ರ ನೌಕರರಿಗೆ 1965ರ ನಿಯಮಗಳ 14ನೇ ನಿಯಮವಿದೆ. ಯಾವ ನಡತೆ ತಪ್ಪು ಎಂಬುದನ್ನು ಹೇಳುವುದು ಬೇರೆ ಪುಸ್ತಕ. ಕರ್ನಾಟಕದಲ್ಲಿ 1966ರ ನಡತೆ ನಿಯಮಗಳ ಜಾಗದಲ್ಲಿ ಈಗ 2021ರ ನಡತೆ ನಿಯಮಗಳು ಜಾರಿಯಲ್ಲಿವೆ. ಸಂಪೂರ್ಣ ಪ್ರಾಮಾಣಿಕತೆ, ಕರ್ತವ್ಯನಿಷ್ಠೆ, ಸರ್ಕಾರಿ ನೌಕರನಿಗೆ ತಕ್ಕ ನಡತೆ ಎಂಬ ಮೂರು ಮಾತುಗಳು ಹೆಚ್ಚುಕಡಿಮೆ ಪ್ರತಿಯೊಂದು ಆರೋಪ ಪಟ್ಟಿಯ ಕೊನೆಯಲ್ಲೂ ಕಾಣಿಸಿಕೊಳ್ಳುತ್ತವೆ.

ಪಾತ್ರಧಾರಿಗಳು ನಾಲ್ವರು. ಆರೋಪ ಹೊರಿಸುವವರು, ಕೊನೆಗೆ ದಂಡನೆ ವಿಧಿಸುವವರು ಶಿಸ್ತು ಪ್ರಾಧಿಕಾರ. ಇಲಾಖೆಯ ಪರವಾಗಿ ಸಾಕ್ಷಿಗಳನ್ನು ನಡೆಸುವವರು ಮಂಡನಾಧಿಕಾರಿ. ಎದುರಿಗೆ ಆಪಾದಿತ ಸರ್ಕಾರಿ ನೌಕರ, ಕಡತಗಳ ಚುಟುಕಿನಲ್ಲಿ 'ಆ.ಸ.ನೌ.' ಅವರ ಪಕ್ಕದಲ್ಲಿ ರಕ್ಷಣಾ ಸಹಾಯಕ. ಈ ಸಹಾಯಕ ಸಾಮಾನ್ಯವಾಗಿ ಇನ್ನೊಬ್ಬ ನೌಕರ ಅಥವಾ ನಿವೃತ್ತ ನೌಕರ. ಮಂಡನಾಧಿಕಾರಿ ವಕೀಲರಾಗಿದ್ದರೆ ಇತ್ತ ಕಡೆಗೂ ವಕೀಲರಿಗೆ ಅವಕಾಶ ಕೊಡಬೇಕಾಗುತ್ತದೆ. ಈ ನಾಲ್ವರ ನಡುವೆ ವಿಚಾರಣಾಧಿಕಾರಿಯ ಕುರ್ಚಿ. ಅದನ್ನು ಹಾಕಿಸಿದವರು, ನೇಮಕದ ಆದೇಶ ಕೊಟ್ಟವರು ಶಿಸ್ತು ಪ್ರಾಧಿಕಾರದವರೇ. ಅನೇಕ ಸಲ ಅಧಿಕಾರಿಯ ಮುಂದಿನ ಬಡ್ತಿ, ವರ್ಗಾವಣೆಯೂ ಅವರ ಕೈಯಲ್ಲೇ. ಹೀಗಿದ್ದೂ ವಿಚಾರಣಾಧಿಕಾರಿ ಅವರ ಕಡೆಯವರಾಗಬಾರದು. ಉತ್ತರ ಪ್ರದೇಶದ ಸರೋಜ್ ಕುಮಾರ್ ಸಿನ್ಹಾ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟು ಇದನ್ನು ನೇರವಾಗಿ ಹೇಳಿತು: ವಿಚಾರಣಾಧಿಕಾರಿ ಸ್ವತಂತ್ರ ನಿರ್ಣಾಯಕ, ಇಲಾಖೆಯ ಪ್ರತಿನಿಧಿ ಅಲ್ಲ. ಹೇಳುವುದು ಸುಲಭ. ಒಂದೇ ಇಲಾಖೆಯ ಕಿರಿಯ ಅಧಿಕಾರಿಯ ಮೇಲೆ ಹಿರಿಯ ಅಧಿಕಾರಿ ವಿಚಾರಣೆ ನಡೆಸುವಾಗ, ಮೇಲಿನವರಿಗೆ ಏನು ಬೇಕು ಎಂಬ ಸುಳಿವು ಫೈಲು ಬರುವ ಮೊದಲೇ ಬಂದಿರುತ್ತದೆ. ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನು ಈ ಕೆಲಸಕ್ಕೆ ಕರೆಯುವ ರೂಢಿ ಬೆಳೆದದ್ದು ಇದೇ ಕಾರಣಕ್ಕೆ.

ವಿಚಾರಣೆ ನಡೆಯುವ ಬಗೆ ಹೀಗೆ. ಮೊದಲ ದಿನ ಅಧಿಕಾರಿ ಆರೋಪಗಳನ್ನು ಓದಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದ ಆರೋಪದ ಮಟ್ಟಿಗೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಒಪ್ಪದಿದ್ದರೆ ದಾಖಲೆಗಳ ಪರಿಶೀಲನೆಗೆ ದಿನ ಗೊತ್ತಾಗುತ್ತದೆ. ಪಟ್ಟಿಯಲ್ಲಿರುವ ದಾಖಲೆಗಳನ್ನಷ್ಟೇ ಅಲ್ಲ, ತನ್ನ ರಕ್ಷಣೆಗೆ ಬೇಕಾದ ಬೇರೆ ದಾಖಲೆಗಳನ್ನೂ ನೌಕರ ಕೇಳಬಹುದು. ಅವು ಪ್ರಸ್ತುತವೇ ಎಂದು ತೀರ್ಮಾನಿಸುವವರು ವಿಚಾರಣಾಧಿಕಾರಿ. ಆಮೇಲೆ ಇಲಾಖೆಯ ಸಾಕ್ಷಿಗಳ ಮುಖ್ಯ ವಿಚಾರಣೆ, ಪಾಟೀಸವಾಲು. ನಂತರ ನೌಕರನ ಸಾಕ್ಷಿಗಳು. ನೌಕರ ತಾನೇ ಸಾಕ್ಷಿ ಕಟ್ಟೆ ಹತ್ತದಿದ್ದರೆ, ತನಗೆ ವಿರುದ್ಧವಾಗಿ ಬಂದಿರುವ ಸಂಗತಿಗಳನ್ನು ಅಧಿಕಾರಿಯೇ ಒಂದೊಂದಾಗಿ ಮುಂದಿಟ್ಟು ಪ್ರಶ್ನಿಸಬೇಕು. ಇದನ್ನು ಬಿಟ್ಟುಬಿಟ್ಟ ಕಾರಣಕ್ಕೆ ಬಿದ್ದುಹೋದ ವಿಚಾರಣೆಗಳಿವೆ. ಕೊನೆಗೆ ಎರಡೂ ಕಡೆಯ ವಾದ, ಬಳಿಕ ವರದಿ.

ಸಾಕ್ಷಿ ಬರಲು ಒಪ್ಪದಿದ್ದರೆ? ಸರ್ಕಾರಿ ನೌಕರರನ್ನಾದರೆ ಮೇಲಧಿಕಾರಿಯ ಮೂಲಕ ಕರೆಸಬಹುದು, ಹೊರಗಿನವರನ್ನು ಕರೆಸುವುದು ಕಷ್ಟ. ಈ ತೊಡಕಿಗೆಂದೇ 1972ರಲ್ಲಿ ಕೇಂದ್ರ ಸರ್ಕಾರ ಕಾಯಿದೆಯೊಂದನ್ನು ತಂದು, ಪ್ರಾಮಾಣಿಕತೆಯ ಪ್ರಶ್ನೆಯಿರುವ ವಿಚಾರಣೆಗಳಲ್ಲಿ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಕೊಡುವ ದಾರಿ ಮಾಡಿತು. ಕರ್ನಾಟಕವೂ 1981ರಲ್ಲಿ ಇಂಥದೇ ಕಾಯಿದೆ ಮಾಡಿಕೊಂಡಿತು.

ಸಾಕ್ಷ್ಯದ ಅಳತೆಗೋಲು ಇಲ್ಲಿ ಬೇರೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಇಲ್ಲಿ ಯಾವ ಕಡೆ ಸಂಭವನೀಯತೆ ಹೆಚ್ಚು ತೂಗುತ್ತದೆ ಎಂಬುದು ಸಾಕು. ಸಾಕ್ಷ್ಯ ಅಧಿನಿಯಮ ಅಕ್ಷರಶಃ ಅನ್ವಯಿಸುವುದಿಲ್ಲ. ಈ ಮಾತಿಗೆ ದೇಶದೆಲ್ಲೆಡೆ ಉಲ್ಲೇಖವಾಗುವ ತೀರ್ಪುಗಳಲ್ಲೊಂದು ನಮ್ಮ ರಾಜ್ಯದ್ದೇ. ಶಿವಬಸಪ್ಪ ಮಾಕಾಪುರ ಪ್ರಕರಣದಲ್ಲಿ ಮೈಸೂರು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸಾಕ್ಷಿಗಳು ಮೊದಲೇ ಕೊಟ್ಟಿದ್ದ ಹೇಳಿಕೆಗಳನ್ನು ಮತ್ತೆ ಮೊದಲಿನಿಂದ ಹೇಳಿಸಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಬೇಕಿಲ್ಲ, ಹೇಳಿಕೆಯನ್ನು ಸಾಕ್ಷಿಯ ಮುಂದಿಟ್ಟು ದೃಢಪಡಿಸಿಕೊಂಡು, ನೌಕರನಿಗೆ ಪ್ರತಿ ಕೊಟ್ಟು, ಪಾಟೀಸವಾಲಿಗೆ ಅವಕಾಶ ಕೊಟ್ಟರೆ ಸಾಕು ಎಂದು ನ್ಯಾಯಾಲಯ ಹೇಳಿತು. 1977ರ ರತನ್ ಸಿಂಗ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ. ಹರಿಯಾಣದ ಬಸ್ ಕಂಡಕ್ಟರ್ ಒಬ್ಬರ ಬಸ್ಸನ್ನು ತಪಾಸಣಾ ತಂಡ ತಡೆದಾಗ ಟಿಕೆಟ್ ಇಲ್ಲದ ಪ್ರಯಾಣಿಕರು ಸಿಕ್ಕಿದ್ದರು. ವಿಚಾರಣೆಗೆ ಆ ಪ್ರಯಾಣಿಕರಾರೂ ಬರಲಿಲ್ಲ, ಬಂದವರು ತಪಾಸಣೆಯ ಅಧಿಕಾರಿ. ಅಷ್ಟು ಸಾಕೇ? ಸಾಕು ಎಂದರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ದಾರಿಯಲ್ಲಿ ಇಳಿದು ಹೋದ ಪ್ರಯಾಣಿಕರನ್ನು ಹುಡುಕಿ ತರುವುದು ಆಗದ ಮಾತು ಎಂಬುದು ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಸಡಿಲಿಕೆಗೂ ಒಂದು ತಳ ಇದೆ: ಒಂದಿಷ್ಟಾದರೂ ಸಾಕ್ಷ್ಯ ಇರಬೇಕು. ಪೊಲೀಸ್ ಎಫ್‌ಐಆರ್ ಅನ್ನೋ ಆರೋಪಿಯ ತಪ್ಪೊಪ್ಪಿಗೆಯನ್ನೋ ಕಡತದಲ್ಲಿ ಇಟ್ಟ ಮಾತ್ರಕ್ಕೆ ಅದು ರುಜುವಾತಾಗುವುದಿಲ್ಲ, ಅದನ್ನು ಸಾಕ್ಷಿಯ ಬಾಯಿಂದ ಹೇಳಿಸಬೇಕು ಎಂದು 2009ರ ರೂಪ್ ಸಿಂಗ್ ನೇಗಿ ಪ್ರಕರಣ ತಿಳಿಸಿತು.

ವಿಚಾರಣಾಧಿಕಾರಿಯ ನಿಜವಾದ ಪರೀಕ್ಷೆ ಸಾಕ್ಷಿ ತಿರುಗಿಬಿದ್ದಾಗ. ಲೋಕಾಯುಕ್ತ ಟ್ರ್ಯಾಪ್ ಪ್ರಕರಣವೊಂದನ್ನು ಎತ್ತಿಕೊಳ್ಳಿ. ದೂರುದಾರ ತಂದ ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಅರಗು ಹಾಕಿ, ಪಂಚನಾಮೆ ಬರೆಯುತ್ತಾರೆ. ಇದಾಗಿ ಕೆಲವು ವರ್ಷಗಳ ಮೇಲೆ ಇಲಾಖಾ ವಿಚಾರಣೆ. ಅಷ್ಟರಲ್ಲಿ ದೂರುದಾರನಿಗೆ ಆಗಬೇಕಿದ್ದ ಖಾತೆ ಬದಲಾವಣೆ ಆಗಿಹೋಗಿದೆ, ಸಿಟ್ಟು ಆರಿದೆ, ಊರಿನ ಹಿರಿಯರು ಒಂದು ಮಾತು ಹೇಳಿದ್ದಾರೆ. ಆತ ಬಂದು ನಿಂತು, 'ಸಾಹೇಬರು ದುಡ್ಡು ಕೇಳಿಲ್ಲ, ನಾನೇ ಮೇಜಿನ ಮೇಲೆ ಇಟ್ಟು ಬಂದೆ' ಎನ್ನುತ್ತಾನೆ. ಮಂಡನಾಧಿಕಾರಿ ಕಡತ ಮಗುಚುತ್ತಾ ಕುಳಿತಿದ್ದಾರೆ, ಪ್ರಶ್ನೆ ಹೊಳೆಯುತ್ತಿಲ್ಲ. ಪೀಠದಲ್ಲಿರುವವರಿಗೆ ಕೇಳಬೇಕಾದ ಪ್ರಶ್ನೆ ನಾಲಗೆಯ ತುದಿಯಲ್ಲೇ ಇದೆ. ಕೇಳಬಹುದೇ?

ನಿಯಮ ಕೇಳಬಹುದು ಎನ್ನುತ್ತದೆ. ಕೇಂದ್ರದ 14ನೇ ನಿಯಮ ತನಗೆ ಸರಿಯೆನಿಸಿದ ಪ್ರಶ್ನೆ ಹಾಕುವ ಅಧಿಕಾರವನ್ನು ವಿಚಾರಣಾಧಿಕಾರಿಗೆ ಕೊಟ್ಟಿದೆ. ಅದಕ್ಕೆ ಗೆರೆ ಎಳೆದದ್ದು ನ್ಯಾಯಾಲಯಗಳು. ಮಸಕಾದ ಮಾತನ್ನು ಸ್ಪಷ್ಟ ಮಾಡಿಕೊಳ್ಳುವ ಪ್ರಶ್ನೆ ಸರಿ. ಸಾಕ್ಷಿಯನ್ನು ಮೂಲೆಗೆ ತಳ್ಳಿ ಇಲಾಖೆಯ ಪರ ಉತ್ತರ ಹೊರಡಿಸುವ ಪಾಟೀಸವಾಲು ತಪ್ಪು. 2018ರ ರಾಮ್ ಲಖನ್ ಶರ್ಮಾ ಪ್ರಕರಣದಲ್ಲಿ ಮಂಡನಾಧಿಕಾರಿಯ ನೇಮಕವೇ ಆಗಿರಲಿಲ್ಲ. ನೇಮಕ ಆಗದಿರುವುದಷ್ಟರಿಂದಲೇ ವಿಚಾರಣೆ ಕೆಡುವುದಿಲ್ಲ, ಆ ಕೊರತೆ ತುಂಬಲು ವಿಚಾರಣಾಧಿಕಾರಿಯೇ ಇಲಾಖೆಯ ವಕೀಲಿಕೆಗೆ ಇಳಿದರೆ ಕೆಡುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಹೀಗಾಗಿ ಮೇಲಿನ ಸನ್ನಿವೇಶದಲ್ಲಿ ಪೀಠದವರು ಮಾಡಬೇಕಾದದ್ದು ಇಷ್ಟೇ: ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುವುದು, ಮಂಡನಾಧಿಕಾರಿ ಅನುಮತಿ ಕೇಳಿದರೆ ಪಾಟೀಸವಾಲಿಗೆ ಬಿಡುವುದು, ಪಂಚರು ಮತ್ತು ತನಿಖಾಧಿಕಾರಿಯ ಮಾತಿನ ಜೊತೆಗಿಟ್ಟು ಕೊನೆಯಲ್ಲಿ ತೂಗುವುದು. ಸುಮ್ಮನಿರುವುದೂ ಇಲ್ಲಿ ಕೆಲಸದ ಭಾಗವೇ, ಮತ್ತು ವರ್ಷಗಟ್ಟಲೆ ಅಧಿಕಾರ ಚಲಾಯಿಸಿ ಬಂದವರಿಗೆ ಅದೇ ಎಲ್ಲಕ್ಕಿಂತ ಕಷ್ಟದ ಭಾಗ.

ಸುಮ್ಮನಿರಲಾಗದ ಅಧಿಕಾರಿಯ ಕಥೆಗೆ ಮೊಹಮ್ಮದ್ ನೂಹ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1948ರಲ್ಲಿ ಉತ್ತರ ಪ್ರದೇಶದ ಪೊಲೀಸ್ ಪೇದೆಯೊಬ್ಬರ ಮೇಲೆ ಸುಳ್ಳು ಪತ್ರ ಸೃಷ್ಟಿಸಿದ ಆರೋಪ ಬಂತು. ವಿಚಾರಣೆಯಲ್ಲಿ ಸಾಕ್ಷಿಯೊಬ್ಬ ತನ್ನ ಹಿಂದಿನ ಮಾತನ್ನು ಅಲ್ಲಗಳೆದ. ಆತ ಸುಳ್ಳು ಹೇಳುತ್ತಿದ್ದಾನೆ ಎಂದು ಪೀಠದಲ್ಲಿದ್ದ ಅಧಿಕಾರಿಗೆ ಸ್ವತಃ ಗೊತ್ತಿತ್ತು. ಅವರು ಎದ್ದು, ಇನ್ನೊಬ್ಬ ಅಧಿಕಾರಿಯ ಮುಂದೆ ತಾವೇ ಸಾಕ್ಷಿಯಾಗಿ ಹೇಳಿಕೆ ಬರೆಸಿ, ಮತ್ತೆ ಬಂದು ಅದೇ ಪೀಠದಲ್ಲಿ ಕುಳಿತು, ತಮ್ಮದೇ ಸಾಕ್ಷ್ಯವನ್ನು ನಂಬಿ, ಆರೋಪ ರುಜುವಾತಾಗಿದೆ ಎಂದರು. ಅವರು ಹೇಳಿದ್ದು ನಿಜವೇ ಇದ್ದಿರಬಹುದು. ಆದರೆ ಒಬ್ಬನೇ ವ್ಯಕ್ತಿ ಸಾಕ್ಷಿಯೂ ನಿರ್ಣಾಯಕನೂ ಆಗುವುದು ಸಹಜ ನ್ಯಾಯದ ಮೂಲಕ್ಕೇ ಕೊಡಲಿ ಎಂದು ಸುಪ್ರೀಂ ಕೋರ್ಟು 1957ರಲ್ಲಿ ಕಟುವಾಗಿಯೇ ಬರೆಯಿತು. ಇಷ್ಟಾದರೂ ಪೇದೆಗೆ ಕೆಲಸ ಸಿಗಲಿಲ್ಲ. ವಜಾ ಆದದ್ದು ಸಂವಿಧಾನ ಜಾರಿಗೆ ಬರುವ ಮೊದಲು. ಹೈಕೋರ್ಟಿನ ರಿಟ್ ಅಧಿಕಾರ ಅಷ್ಟು ಹಿಂದಕ್ಕೆ ಹೋಗದು ಎಂಬ ಕಾರಣಕ್ಕೆ ಸರ್ಕಾರದ ಮೇಲ್ಮನವಿಯೇ ಗೆದ್ದಿತು. ಪ್ರತಿಯೊಬ್ಬ ವಿಚಾರಣಾಧಿಕಾರಿಗೂ ಪಾಠವಾದ ತೀರ್ಪು ಅದನ್ನು ತಂದುಕೊಟ್ಟ ಮನುಷ್ಯನಿಗೆ ಮಾತ್ರ ಏನನ್ನೂ ಕೊಡಲಿಲ್ಲ.

ಪಕ್ಷಪಾತದ ಶಂಕೆಗೆ ಸಾಕ್ಷ್ಯ ಹೇಳುವಷ್ಟು ದೂರ ಹೋಗಬೇಕಾಗಿಲ್ಲ. ಪ್ರಾಥಮಿಕ ತನಿಖೆ ಮಾಡಿದವರು, ದೂರಿನಲ್ಲಿ ಹೆಸರಿರುವವರು, ನೌಕರನೊಡನೆ ಹಳೆಯ ಜಗಳವಿದ್ದವರು ಈ ಕುರ್ಚಿಗೆ ಸಲ್ಲುವುದಿಲ್ಲ. ಅಂಥ ಆಕ್ಷೇಪಣೆ ಬಂದರೆ ಅದರ ತೀರ್ಮಾನ ಆಗುವವರೆಗೆ ವಿಚಾರಣೆ ನಿಲ್ಲಿಸುವುದು ರೂಢಿ. ವಿಳಂಬಕ್ಕಾಗಿಯೇ ಇಂಥ ಅರ್ಜಿ ಹಾಕುವ ನೌಕರರೂ ಇದ್ದಾರೆ, ಆ ಮಾತು ಬೇರೆ.

ನೌಕರ ವಿಚಾರಣೆಗೆ ಬಾರದೇ ಇದ್ದರೆ ಏಕಪಕ್ಷೀಯವಾಗಿ ನಡೆಸಬಹುದು. ಇದನ್ನು ಹಲವು ಅಧಿಕಾರಿಗಳು ತಪ್ಪಾಗಿ ತಿಳಿದಿದ್ದಾರೆ. ನೌಕರ ಬರಲಿಲ್ಲ, ಆದ್ದರಿಂದ ಆರೋಪ ರುಜುವಾತು ಎಂದು ಒಂದೂವರೆ ಪುಟದ ವರದಿ ಬರೆದು ಕೈತೊಳೆದುಕೊಳ್ಳುತ್ತಾರೆ. ಮೇಲೆ ಹೇಳಿದ ಸಿನ್ಹಾ ಪ್ರಕರಣದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ನೌಕರ ಇಲ್ಲದಿದ್ದರೂ ಇಲಾಖೆ ತನ್ನ ಸಾಕ್ಷಿಗಳನ್ನು ಕರೆಸಲೇಬೇಕು, ದಾಖಲೆಗಳನ್ನು ರುಜುವಾತು ಪಡಿಸಲೇಬೇಕು. ನೌಕರ ಏಕೆ ಬರಲಿಲ್ಲ ಎಂಬುದನ್ನೂ ಪೀಠ ನೋಡಬೇಕು. ಕೋಲಾರ ಚಿನ್ನದ ಗಣಿಯ ಕ್ಯಾಪ್ಟನ್ ಪಾಲ್ ಆಂಟನಿಯವರ ಪ್ರಕರಣದ ಸಾರ ಇದು. ಅವರು ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿ. 1985ರ ಜೂನ್‌ನಲ್ಲಿ ಅವರ ಮನೆಯ ಮೇಲೆ ಪೊಲೀಸ್ ದಾಳಿ ನಡೆದು, 4.5 ಗ್ರಾಂ ತೂಕದ ಚಿನ್ನದ ಉಂಡೆ, 1276 ಗ್ರಾಂ ಚಿನ್ನವಿರುವ ಮರಳು ಸಿಕ್ಕಿತೆಂದು ದಾಖಲಾಯಿತು. ಅಮಾನತಾದರು. ಅಮಾನತಿನ ಕಾಲದ ಜೀವನಾಧಾರ ಭತ್ಯೆ ಕೈಗೆ ಬರಲಿಲ್ಲ. ಕೇರಳದ ಮನೆಯಿಂದ ಕೆಜಿಎಫ್‌ಗೆ ಬಂದುಹೋಗಲು ದುಡ್ಡಿಲ್ಲ, ಮೈಯಲ್ಲಿ ಸೌಖ್ಯವೂ ಇಲ್ಲ. ದಿನ ಮುಂದೂಡಿ ಎಂದು ಬರೆದರೂ ವಿಚಾರಣೆ ಅವರಿಲ್ಲದೆ ನಡೆಯಿತು. 1986ರಲ್ಲಿ ವಜಾ ಆದರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ದಾಳಿಯೇ ರುಜುವಾತಾಗಿಲ್ಲ ಎಂದು ಅವರನ್ನು ಬಿಡುಗಡೆ ಮಾಡಿತು. ಇಲಾಖಾ ವಿಚಾರಣೆಯಲ್ಲೂ ನ್ಯಾಯಾಲಯದಲ್ಲೂ ಸಾಕ್ಷಿಗಳು ಅದೇ ಜನ, ಸಂಗತಿಯೂ ಅದೇ. 1999ರಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ರದ್ದು ಮಾಡಿ ಕೆಲಸಕ್ಕೆ ಮರಳಿಸಲು ಹೇಳಿತು. 2001ರಲ್ಲಿ ಗಣಿಯೇ ಮುಚ್ಚಿತು.

ಕರ್ನಾಟಕದ ವ್ಯವಸ್ಥೆಯಲ್ಲಿ ಬೇರೆಡೆ ಸುಲಭವಾಗಿ ಕಾಣದ ಒಂದು ಕವಲಿದೆ. 1984ರ ಲೋಕಾಯುಕ್ತ ಕಾಯಿದೆಯಂತೆ 1986ರಲ್ಲಿ ಸಂಸ್ಥೆ ಕೆಲಸ ಆರಂಭಿಸಿತು, ನ್ಯಾಯಮೂರ್ತಿ ಎ.ಡಿ. ಕೌಶಲ್ ಮೊದಲ ಲೋಕಾಯುಕ್ತರು. ಪತ್ರಿಕೆಗಳಲ್ಲಿ ಲೋಕಾಯುಕ್ತ ಎಂದರೆ ದಾಳಿ, ಹಾಸಿಗೆಯಡಿಯ ನೋಟಿನ ಕಂತೆ, ಒಡವೆಗಳ ಚಿತ್ರ. ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸ ಸಿಸಿಎ ನಿಯಮಗಳ 14-ಎ ಅಡಿಯ ವಿಚಾರಣೆ. ಸರ್ಕಾರ ಪ್ರಕರಣವನ್ನು ಲೋಕಾಯುಕ್ತಕ್ಕೋ ಉಪಲೋಕಾಯುಕ್ತಕ್ಕೋ ವಹಿಸಿದರೆ, ಅಲ್ಲಿನ ಅಪರ ನಿಬಂಧಕರು (ವಿಚಾರಣೆಗಳು) ವಿಚಾರಣಾಧಿಕಾರಿಯಾಗುತ್ತಾರೆ. ಇವರು ನ್ಯಾಯಾಂಗದಿಂದ ಬಂದವರು, ಜಿಲ್ಲಾ ನ್ಯಾಯಾಧೀಶರ ದರ್ಜೆಯವರು. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಇವರ ಮುಂದೆ ಹಾಜರಾಗುವವರಲ್ಲಿ ಗ್ರಾಮಲೆಕ್ಕಿಗರು, ಪಿಡಿಒಗಳು, ಸರ್ವೆಯರ್‌ಗಳು, ಎಂಜಿನಿಯರ್‌ಗಳು ಎಲ್ಲರೂ ಇರುತ್ತಾರೆ. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹನ್ನೊಂದು ಗಂಟೆಗೆ ಹೆಸರು ಕೂಗಿಸಿಕೊಂಡು, ಸಾಕ್ಷಿ ಗೈರುಹಾಜರೆಂದು ಮುಂದಿನ ದಿನಾಂಕ ಬರೆದುಕೊಂಡು ಹೋಗುವವರು ಕಡಿಮೆಯಿಲ್ಲ. ಇಲ್ಲಿನ ವಿಶೇಷವೆಂದರೆ ಆರೋಪ ಪಟ್ಟಿ ಹೊರಡುವುದೂ ಇದೇ ವಿಭಾಗದಿಂದ. ಇಲಾಖೆಯ ಒತ್ತಡದಿಂದ ವಿಚಾರಣೆಯನ್ನು ಬಿಡಿಸಿದ್ದು ದೊಡ್ಡ ಲಾಭ ನಿಜ. ಆರೋಪ ಬರೆಯುವ ಮನೆ ಮತ್ತು ವಿಚಾರಿಸುವ ಮನೆ ಒಂದೇ ಆದದ್ದು ಅದಕ್ಕೆ ತೆತ್ತ ಬೆಲೆ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. ವರದಿ ಲೋಕಾಯುಕ್ತರ ಅಥವಾ ಉಪಲೋಕಾಯುಕ್ತರ ಮೂಲಕ ಶಿಫಾರಸಿನ ಜೊತೆ ಸರ್ಕಾರಕ್ಕೆ ಹೋಗುತ್ತದೆ. ಅದು ಶಿಫಾರಸು ಮಾತ್ರ, ಕೊನೆಯ ಆದೇಶ ಸರ್ಕಾರದ್ದು.

ಪೀಠವನ್ನು ಇಲಾಖೆಯಿಂದ ಬೇರೆಯಾಗಿಡುವ ಯತ್ನ ಬೇರೆಡೆಯೂ ನಡೆದಿದೆ. ಕೇಂದ್ರದಲ್ಲಿ ಸಂತಾನಂ ಸಮಿತಿಯ ಶಿಫಾರಸಿನಂತೆ 1964ರಲ್ಲಿ ಹುಟ್ಟಿದ ಕೇಂದ್ರ ಜಾಗೃತ ಆಯೋಗವು ಇಲಾಖಾ ವಿಚಾರಣೆಗೆಂದೇ ಕಮಿಷನರರನ್ನು ಇಟ್ಟುಕೊಂಡಿದೆ. ಅಮೆರಿಕದಲ್ಲಿ 1946ರ ಆಡಳಿತ ವಿಧಾನ ಕಾಯಿದೆ ತನಿಖೆ ಮಾಡುವವರನ್ನೂ ಪೀಠದಲ್ಲಿ ಕೂರುವವರನ್ನೂ ಬೇರೆ ಬೇರೆ ಮಾಡಿತು. ಮೊದಲು 'ಹಿಯರಿಂಗ್ ಎಕ್ಸಾಮಿನರ್' ಎನಿಸಿಕೊಂಡಿದ್ದ ಅಲ್ಲಿನ ಪೀಠಾಧಿಕಾರಿಗಳಿಗೆ 1972ರಿಂದ ಆಡಳಿತ ಕಾನೂನು ನ್ಯಾಯಾಧೀಶರು ಎಂಬ ಹೆಸರು ಬಂತು.

ಮತ್ತೆ ವರದಿಗೆ ಬರೋಣ. ಅದರಲ್ಲಿ ಆರೋಪ, ನೌಕರನ ಸಮರ್ಥನೆ, ಪ್ರತಿ ಆರೋಪದ ಮೇಲಿನ ಸಾಕ್ಷ್ಯದ ತೂಕ, ತೀರ್ಮಾನ ಮತ್ತು ಅದಕ್ಕೆ ಕಾರಣ ಇರಬೇಕು. ಕಡತದಲ್ಲಿ ಇಲ್ಲದ್ದು ವರದಿಯಲ್ಲಿ ಬರಬಾರದು. ನೌಕರನ ಹಳೆಯ ಸೇವಾ ದಾಖಲೆ ಕೆಟ್ಟದಾಗಿದ್ದರೂ ಅದನ್ನು ಅವನಿಗೆ ತಿಳಿಸದೆ ದಂಡನೆಯ ತಕ್ಕಡಿಗೆ ಹಾಕುವಂತಿಲ್ಲ ಎಂದು 1963ರಲ್ಲೇ ಮೈಸೂರು ರಾಜ್ಯದ ಮಂಚೇಗೌಡ ಪ್ರಕರಣದಲ್ಲಿ ತೀರ್ಮಾನವಾಗಿದೆ. ಇಂಥ ದಂಡನೆ ಕೊಡಿ ಎಂದು ಬರೆಯುವುದು ವಿಚಾರಣಾಧಿಕಾರಿಯ ಕೆಲಸವಲ್ಲ; ಬರೆದರೆ ಶಿಸ್ತು ಪ್ರಾಧಿಕಾರಕ್ಕೆ ಅದರ ಬಂಧನವಿಲ್ಲ. ವರದಿಯ ಪ್ರತಿ ನೌಕರನಿಗೆ ಸಿಗಲೇಬೇಕು. 1990ರ ರಮ್ಜಾನ್ ಖಾನ್ ತೀರ್ಪು, 1993ರ ಕರುಣಾಕರ್ ತೀರ್ಪು ಇದನ್ನು ಗಟ್ಟಿ ಮಾಡಿದವು. 1976ರ 42ನೇ ತಿದ್ದುಪಡಿ ದಂಡನೆಯ ಬಗ್ಗೆ ಎರಡನೇ ನೋಟಿಸು ಕೊಡುವ ಪದ್ಧತಿಯನ್ನು ತೆಗೆದುಹಾಕಿತ್ತು. ಹಾಗೆಂದು ವರದಿಯನ್ನೇ ಬಚ್ಚಿಡುವಂತಿಲ್ಲ ಎಂಬುದು ಈ ತೀರ್ಪುಗಳ ಸಾರ. ಆರೋಪ ರುಜುವಾತಾಗಿಲ್ಲ ಎಂಬ ವರದಿಯನ್ನು ಪ್ರಾಧಿಕಾರ ಒಪ್ಪದಿದ್ದರೆ, ಒಪ್ಪದಿರಲು ಕಾರಣವನ್ನು ಮೊದಲು ನೌಕರನಿಗೆ ತಿಳಿಸಿ ಉತ್ತರ ಪಡೆಯಬೇಕೆಂದು 1998ರ ಕುಂಜ್ ಬಿಹಾರಿ ಮಿಶ್ರಾ ತೀರ್ಪು ಹೇಳಿದೆ.

ಕಾಲಮಿತಿಯ ಮಾತು ಕಾಗದದ ಮೇಲೆ ಚೆನ್ನಾಗಿದೆ. 2015ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ, ತಡವಾದರೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಲು ಹೇಳಿತು. 2017ರಲ್ಲಿ ಕೇಂದ್ರ ತನ್ನ ನಿಯಮಕ್ಕೆ ಆರು ತಿಂಗಳ ಗಡುವು ಸೇರಿಸಿತು. ಇತ್ತ ವಿಚಾರಣಾಧಿಕಾರಿ ವರ್ಗವಾಗುತ್ತಾರೆ, ಹೊಸಬರು ಬಂದು ಹಿಂದಿನವರು ಬರೆಸಿದ ಸಾಕ್ಷ್ಯದಿಂದಲೇ ಮುಂದುವರಿಯುತ್ತಾರೆ. ಸಾಕ್ಷಿಯ ಮುಖ ನೋಡಿದವರು ಒಬ್ಬರು, ವರದಿ ಬರೆಯುವವರು ಇನ್ನೊಬ್ಬರು. ಈ ನಡುವೆ ನೌಕರ ನಿವೃತ್ತನಾದರೂ ಬಿಡುಗಡೆಯಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದಂತೆ ಸೇವೆಯಲ್ಲಿದ್ದಾಗ ಆರಂಭವಾದ ವಿಚಾರಣೆ ನಿವೃತ್ತಿಯ ನಂತರವೂ ಮುಂದುವರಿಯುತ್ತದೆ. ನಿವೃತ್ತಿಯ ನಂತರ ಹೊಸದಾಗಿ ಆರಂಭಿಸುವುದಾದರೆ ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ವರದಿ ಬಂದು ಅಂತಿಮ ಆದೇಶ ಹೊರಡುವವರೆಗೆ ಆತನಿಗೆ ತಾತ್ಕಾಲಿಕ ಪಿಂಚಣಿ ಮಾತ್ರ ಬರುತ್ತದೆ, ಗ್ರಾಚ್ಯುಟಿ ಬರುವುದಿಲ್ಲ.